ಫಿನಾಯಿಲ್ ಭಾವ ಸಾಕಿದ ಕ್ರಿಮಿಗಳು

ಹಳೇ ಸಾಮಾನು ಕೊಳ್ಳುವವನು ಮೊದಲು ಕಾಲು ನೋಡಬೇಕು, ಆಮೇಲೆ ಬೆನ್ನು, ಕೊನೆಗೆ ಮುಖ. ಕುರ್ಚಿಯಾದರೂ ಅಷ್ಟೇ, ಮನುಷ್ಯನಾದರೂ ಅಷ್ಟೇ. ಆ ಲೆಕ್ಕದಲ್ಲಿ ನನ್ನ ಭಾವನನ್ನು, ಅಂದರೆ ನನ್ನ ಅಕ್ಕನ ಗಂಡನನ್ನು, ಅಂಗಡಿ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ, ನೀವೇ ನೋಡಿಕೊಳ್ಳಿ. ಕಾಲು ಗಿಡ್ಡ, ಆದರೆ ಅಲುಗಾಡುವುದಿಲ್ಲ. ಬೆನ್ನು ನೆಟ್ಟಗಿದೆ; ಅರವತ್ತು ದಾಟಿದ ಮಾಲಿನಲ್ಲಿ ಇದು ಅಪರೂಪ. ಮೇಲಿನ ಪಾಲಿಶ್ ಅಲ್ಲಲ್ಲಿ ಹೋಗಿದೆ, ನೆತ್ತಿಯಲ್ಲಂತೂ ಪೂರ್ತಿ. ಬಾಯಿ ಎಂಬ ಬಾಗಿಲಿನ ಕೀಲು ಸಡಿಲ. ಒಮ್ಮೆ ತೆರೆದರೆ ಮುಚ್ಚುವುದು ಕಷ್ಟ. ಕೈ ಮಾತ್ರ ಹೊಚ್ಚಹೊಸದು. ತೊಳೆದು ತೊಳೆದು ಬೆರಳ ತುದಿಯ ಗೆರೆಗಳೇ ಮಾಸಿಹೋಗಿವೆ. ಸಹಿಯ ಬದಲು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಇವರ ಹತ್ತಿರ ಮೋಸಹೋಗುತ್ತಾರೆ. ವಾಸನೆ, ಫಿನಾಯಿಲ್. ಅದು ಅವರಿಗಿಂತ ಮುಂಚೆ ಬರುತ್ತದೆ, ಅವರು ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತದೆ.

ಇಷ್ಟೆಲ್ಲ ನೋಡಿ, ಮೇಲೆ ಕೆಳಗೆ ತಟ್ಟಿ, "ನುಸಿ ಹಿಡಿದಿಲ್ಲ" ಎಂದು ಯಾರಿಗಾದರೂ ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಅದೊಂದರಲ್ಲಿ ನನ್ನ ಕಣ್ಣು ಕೈಕೊಟ್ಟಿತು.

ನಮ್ಮ ಅಂಗಡಿಗಳಿಗೆ ನಡುವೆ ಒಂದೇ ಗೋಡೆ. ಈ ಕಡೆ ನನ್ನ ಹಳೇ ಮಂಚ, ಹಳೇ ಬೀರು, ಯಾರದೋ ಮನೆಯಲ್ಲಿ ಕೂತು ಕೂತು ಹಳ್ಳ ಬಿದ್ದ ಸೋಫಾ. ಆ ಕಡೆ ಭಾವನ ಫಿನಾಯಿಲ್, ಬ್ಲೀಚಿಂಗ್ ನೀರು, ನೆಲ ಒರೆಸುವ ನೀಲಿ ನೀರು, ಕಕ್ಕಸು ತೊಳೆಯುವ ಗುಲಾಬಿ ನೀರು. ಹಿಂದಿನ ಕೋಣೆಯಲ್ಲಿ ದೊಡ್ಡ ಡ್ರಮ್ಮುಗಳನ್ನಿಟ್ಟುಕೊಂಡು, ಮರದ ಹುಟ್ಟಿನಿಂದ ತಾವೇ ಕಲಕಿ, ಬಾಟಲಿಗೆ ತುಂಬಿ, ಚೀಟಿ ಅಂಟಿಸುತ್ತಾರೆ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ "ಎಲ್ಲ ಕ್ರಿಮಿಗಳ ಸರ್ವನಾಶ" ಎಂದಿತ್ತು. ಭಾವನಿಗೆ ಜಗತ್ತಿನಲ್ಲಿ ಎರಡೇ ಜಾತಿ: ತೊಳೆದದ್ದು, ತೊಳೆಯದ್ದು. ನನ್ನ ಅಂಗಡಿ ಪೂರ್ತಿ ಎರಡನೆಯ ಜಾತಿ.

"ಬನ್ನಿ ಭಾವ, ಕೂತ್ಕೊಳ್ಳಿ," ಅಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದರು.

"ಎಲ್ಲೋ ಕೂರ್ಲಿ? ಆ ಸೋಫಾದ ಮೇಲೆ ಎಷ್ಟು ಮನೆ ಕ್ರಿಮಿಗಳು ಕಾಲು ಚಾಚ್ಕೊಂಡು ಕೂತಿದಾವೋ. ಅವನ್ನ ಎಬ್ಬಿಸಿ ನಾನು ಕೂರ್ಲಾ?"

ಕೊನೆಗೆ ಅಂದಿನ ಪೇಪರ್ ಹಾಸಿ, ಅದರ ಅಂಚಿನಲ್ಲಿ ಅಂಗಡಿಯ ಮುಂದೆ ಕೂತ ಗುಬ್ಬಿಯ ಹಾಗೆ ಕೂರುತ್ತಿದ್ದರು. ಎದ್ದು ಹೋದ ಮೇಲೆ ಪೇಪರನ್ನೂ ಬಿಟ್ಟು ಹೋಗುತ್ತಿದ್ದರು, ಅದಕ್ಕೂ ಅಂಟಿರುತ್ತದಂತೆ. ಕ್ರಿಮಿಗಳ ಹಿಂದೆ ಕೈತೊಳೆದುಕೊಂಡು ಬಿದ್ದವರು ಎಂದು ಯಾರ ಬಗ್ಗೆಯಾದರೂ ಅಕ್ಷರಶಃ ಹೇಳಬಹುದಾದರೆ ಅದು ನಮ್ಮ ಭಾವನ ಬಗ್ಗೆ. ಬೀದಿಯವರೆಲ್ಲ ಅವರನ್ನು ಫಿನಾಯಿಲ್ ಭಾವ ಅನ್ನುತ್ತಾರೆ. ನನಗೆ ಭಾವ ಆದ ತಪ್ಪಿಗೆ ಇಡೀ ಬೀದಿಗೆ ಭಾವ ಆದರು.

ಕಥೆ ಶುರುವಾದದ್ದು ಅವರ ಮನೆಯ ಕಕ್ಕಸಿನಲ್ಲಿ. ಆ ಕಕ್ಕಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಬೀದಿಯ ಕೆಲವರ ಅಡುಗೆಮನೆಗಿಂತ ಅದು ಚೊಕ್ಕಟ. ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಬೆಳ್ಳಗೆ. ಬೇರೆ ಮನೆಯಲ್ಲಾಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿ ಒಂದು ಬೆಳಗ್ಗೆ, ಭಾವ ಉಚ್ಚೆ ಹೊಯ್ದ ಮೇಲೆ, ಒಂದು ತೆಳು ಕೆಂಪು ಗೆರೆ ಎದ್ದು ಕಂಡಿತು. ಬೇರೆ ಯಾರಾದರೂ ಹೆದರುತ್ತಿದ್ದರು. ಭಾವನಿಗೆ ಬಂದದ್ದು ಸಿಟ್ಟು. ತಾವೇ ಮಾಡಿದ ಗುಲಾಬಿ ನೀರಿನ ಬಣ್ಣ ತೊಳೆದ ಮೇಲೂ ಉಳಿದಿದೆ ಅಂದುಕೊಂಡು, ನೇರ ಬಣ್ಣದ ವ್ಯಾಪಾರಿಯ ಅಂಗಡಿಗೆ ಹೋಗಿ ಜಗಳ ತೆಗೆದರು.

"ಏನ್ರೀ ಬಣ್ಣ ಕೊಟ್ಟಿದೀರಿ? ನೀರು ಹಾಕಿದ್ರೂ ಹೋಗಲ್ಲ. ಬೆಳಗ್ಗೆ ಬೆಳಗ್ಗೆ ನನ್ನ ಮಾನ ತೆಗೀತಿದೆ!"

ಬಣ್ಣದವನು ಮರ್ಯಾದಸ್ಥ. ಸುಮ್ಮನೆ ಹಸಿರು ಬಣ್ಣ ಕೊಟ್ಟು ಕಳಿಸಿದ. ಗುಲಾಬಿ ನೀರು ಹೋಗಿ ಹಸಿರು ನೀರು ಬಂತು. ಕೆಂಪು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಭಾವ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಜಗಳಕ್ಕೆ ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ರೀ, ಹಸಿರು ಸುರಿದ್ರೂ ಕೆಂಪು ಕಾಣ್ತಿದೆ ಅಂದ್ರೆ ಅದು ಬಣ್ಣದೋನ ತಪ್ಪಲ್ಲ. ಮಾಲು ನಿಮ್ಮದೇ. ನಡೀರಿ ಆಸ್ಪತ್ರೆಗೆ."

ಆಸ್ಪತ್ರೆಯಲ್ಲಿ ಒಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಮೂತ್ರಕೋಶದ ಗೋಡೆಯಲ್ಲಿ ಗಡ್ಡೆ. ಕ್ಯಾನ್ಸರ್. ಡಾಕ್ಟರಮ್ಮ ಅದನ್ನು ಒಳಗಿನಿಂದಲೇ ಕೆರೆದು ತೆಗೆದು, ಗಾಯ ಆರಿದ ಮೇಲೆ ನಮ್ಮ ಮೂವರನ್ನೂ ಕೂರಿಸಿಕೊಂಡರು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. ಗಿರಾಕಿಯ ಹತ್ತಿರ ಹೀಗೆ ಮಾತಾಡುವವರು ವ್ಯಾಪಾರದಲ್ಲಿ ಉದ್ಧಾರವಾಗುವುದಿಲ್ಲ, ಆಸ್ಪತ್ರೆಯಲ್ಲಿ ಮಾತ್ರ ಇಂಥವರೇ ಬೇಕು.

"ಗಡ್ಡೆ ಮೇಲ್ಮೈಯಲ್ಲೇ ಇತ್ತು, ತೆಗೆದಿದೀವಿ. ಆದ್ರೆ ಈ ಥರದ್ದು ಮತ್ತೆ ಚಿಗುರುತ್ತೆ. ಚಿಗುರಿ ಆಳಕ್ಕೆ ಇಳಿದ್ರೆ ಮೂತ್ರಕೋಶಾನೇ ತೆಗೀಬೇಕಾಗುತ್ತೆ. ಆಮೇಲೆ ಮೂತ್ರಕ್ಕೆ ಹೊಟ್ಟೆ ಪಕ್ಕ ಒಂದು ಚೀಲ ಕಟ್ಕೊಂಡು ಓಡಾಡ್ಬೇಕು. ಅದಕ್ಕೂ ತಡ ಮಾಡಿದ್ರೆ ಜೀವಕ್ಕೇ ಸಂಚಕಾರ."

ಭಾವನ ಮುಖ ಅವರ ಕಕ್ಕಸಿನಷ್ಟೇ ಬೆಳ್ಳಗಾಯಿತು. ಕ್ಯಾನ್ಸರ್ ಎಂಬ ಮಾತಿಗಿಂತ ಚೀಲ ಎಂಬ ಮಾತು ಅವರನ್ನು ಹೆಚ್ಚು ಅಲುಗಿಸಿತು. ಹೊರಗೆ ಇರಬೇಕಾದದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಬದುಕುವುದೆಂದರೆ!

"ಚಿಗುರದೇ ಇರೋದಕ್ಕೆ ಔಷಧಿ ಇದೆ," ಅಂದರು ಡಾಕ್ಟರಮ್ಮ.

"ಕೊಡಿ ತಾಯಿ. ಎಷ್ಟು ಸ್ಟ್ರಾಂಗ್ ಇದ್ರೂ ಪರವಾಗಿಲ್ಲ. ನಮ್ಮ ಅಂಗಡಿಯಲ್ಲೇ ಒಂದು ಇದೆ, ನೀರು ಬೆರೆಸದೇ ಹಾಕಿದ್ರೆ ಕಲ್ಲೇ ಕರಗುತ್ತೆ."

"ಆ ಥರದ್ದಲ್ಲ. ಇದು ಬ್ಯಾಕ್ಟೀರಿಯಾ. ಜೀವಂತ ಕ್ರಿಮಿ."

ಭಾವ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು, ಕ್ರಿಮಿ ಸರಬರಾಜಿನ ಗುತ್ತಿಗೆ ನನಗೇ ಸಿಕ್ಕಿದೆ ಎಂಬ ಹಾಗೆ.

"ಜೀವಂತ ಅಂದ್ರೆ?"

"ಜೀವಂತ ಅಂದ್ರೆ ಜೀವಂತ."

"ಸತ್ತಿರೋ ಸ್ಟಾಕ್ ಇಲ್ವಾ?"

"ಸತ್ತಿರೋದು ಕೆಲಸ ಮಾಡಲ್ಲ."

"ಯಾವ ಕ್ರಿಮಿ ಅದು?"

"ಮಕ್ಕಳಿಗೆ ಕ್ಷಯ ಬರದ ಹಾಗೆ ತೋಳಿಗೆ ಲಸಿಕೆ ಹಾಕ್ತಾರಲ್ಲ, ಅದರೊಳಗೆ ಇರೋದೇ. ಕ್ಷಯದ ಕ್ರಿಮಿಗೆ ದೂರದ ದಾಯಾದಿ. ಹಲ್ಲು ಉಗುರು ಕಿತ್ತು ಸಾಧು ಮಾಡಿದೀವಿ."

"ದಾಯಾದಿನ ಮನೆಯೊಳಗೆ ಬಿಟ್ಕೊಂಡು ಉದ್ಧಾರ ಆದೋರು ಯಾರಿದಾರೆ ಡಾಕ್ಟ್ರೇ?"

ಡಾಕ್ಟರಮ್ಮ ನಗಲಿಲ್ಲ. ಸಣ್ಣ ಪೈಪಿನಲ್ಲಿ ಆ ಕ್ರಿಮಿಗಳನ್ನು ಮೂತ್ರಕೋಶಕ್ಕೆ ಬಿಡುವುದು, ಎರಡು ಗಂಟೆ ಉಚ್ಚೆ ಹೊಯ್ಯದೆ ತಡೆದುಕೊಳ್ಳುವುದು, ವಾರಕ್ಕೊಮ್ಮೆಯಂತೆ ಆರು ವಾರ ಎಂದು ಬಿಡಿಸಿ ಹೇಳಿದರು. "ಗಡ್ಡೆ ಇಷ್ಟು ದಿನ ಮನೆಯವರ ವೇಷ ಹಾಕ್ಕೊಂಡು ಕೂತಿತ್ತು. ನಿಮ್ಮ ಮೈಯ ಕಾವಲಿನವರು ಅದನ್ನ ನೋಡಿ ನಮ್ಮೋನೇ ಅಂತ ಸುಮ್ಮನಿದ್ರು. ಈ ಕ್ರಿಮಿ ಹೋಗಿ ಗೋಡೆಗೆ ಅಂಟಿಕೊಂಡು ಗಲಾಟೆ ಮಾಡುತ್ತೆ. ಕಾವಲಿನವರು ಎದ್ದು ಓಡಿ ಬರ್ತಾರೆ. ಆ ಗಲಾಟೆಯಲ್ಲಿ ಕ್ರಿಮಿಗೂ ಏಟು, ವೇಷಧಾರಿಗೂ ಏಟು."

ವಿಷಯ ಬೀದಿಗೆ ತಿಳಿಯುವುದು ತಡವಾಗಲಿಲ್ಲ. ಬಂದವರೆಲ್ಲ ಒಂದೇ ಗಾದೆ ಹೇಳಿದರು, ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕು ಭಾವ, ಅಂತ. ಹಾಲಿನವನು ಹೇಳಿದ, ಚಪ್ಪಲಿ ಹೊಲಿಯುವವನು ಹೇಳಿದ, ಬಣ್ಣದವನು ಕೂಡ ಹಳೇ ಸಿಟ್ಟು ಮರೆತು ಬಂದು ಅದನ್ನೇ ಹೇಳಿದ. ಭಾವನಿಗೆ ರೋಸಿಹೋಯಿತು.

"ಕಾಲಿಗೆ ಮುಳ್ಳು ಚುಚ್ಚಿದ್ರೆ ನಾನು ಸೂಜಿ ಕುದಿಸಿ ತೆಗೀತೀನಿ ಕಣ್ರಯ್ಯ. ಇನ್ನೊಂದು ಮುಳ್ಳು ಹುಡುಕ್ಕೊಂಡು ಬೇಲಿಗೆ ಹೋಗೋ ಮುಠ್ಠಾಳ ಯಾರು?"

ಆದರೂ ಹೋದರು. ಚೀಲದ ಭಯ ಅಂಥದ್ದು. ಸಾಮಾನು ಸಾಗಿಸುವ ನನ್ನ ಚಿಕ್ಕ ವ್ಯಾನಿನಲ್ಲಿ, ಸೀಟಿನ ಮೇಲೆ ಪೇಪರ್ ಹಾಸಿಕೊಂಡು ಕೂತು ಹೋದರು. ಅಲ್ಲಿ ನರ್ಸಮ್ಮ ಮಾಸ್ಕು, ಗ್ಲೌಸು, ಮೇಲಂಗಿ ಎಲ್ಲ ಹಾಕಿಕೊಂಡು ಫ್ರಿಜ್ಜಿನಿಂದ ತಂದ ಸಣ್ಣ ಸೀಸೆಯನ್ನು ಕಲಕುತ್ತಿದ್ದರು.

"ನೋಡಮ್ಮ," ಅಂದರು ಭಾವ ಮಲಗಿದಲ್ಲಿಂದಲೇ, "ನೀನು ಇಷ್ಟೆಲ್ಲ ತೊಟ್ಕೊಂಡು ಮುಟ್ಟಕ್ಕೆ ಹೆದರೋ ಮಾಲನ್ನ ನನ್ನೊಳಗೆ ಬರಿಮೈಗೆ ಬಿಡ್ತೀಯಲ್ಲ, ನಿನ್ನ ಮನಸ್ಸು ಎಂಥದ್ದು!"

"ಯಜಮಾನ್ರೇ, ಬಾಯಿಂದ ಉಸಿರು ಬಿಡಿ. ಮಾತಾಡಬೇಡಿ."

ಮಾತಾಡದೇ ಉಸಿರು ಬಿಡುವುದನ್ನು ಭಾವ ಅಂದೇ ಕಲಿತದ್ದು.

ಪಕ್ಕದ ಮಂಚದಲ್ಲಿ ಅದೇ ಚಿಕಿತ್ಸೆಗೆ ಬಂದಿದ್ದ ಒಬ್ಬರು ನಿವೃತ್ತ ಬಸ್ ಕಂಡಕ್ಟರ್. ಕ್ರಿಮಿಗಳು ಎಲ್ಲ ಗೋಡೆಗೂ ತಾಗಬೇಕೆಂದು ಆಗಾಗ ಮಗ್ಗುಲು ಬದಲಿಸಬೇಕಲ್ಲ, ಅದರ ಉಸ್ತುವಾರಿಯನ್ನು ಅವರು ಯಾರೂ ಕೇಳದೆ ವಹಿಸಿಕೊಂಡಿದ್ದರು. ಹೊತ್ತು ಸರಿಯಾಗಿ "ಎಡಕ್ಕೆ ತಿರುಗಿ, ರೈಟ್!" ಎಂದು ಕೂಗುವರು. ಇಬ್ಬರೂ ಮಂಚ ಕಿರುಗುಟ್ಟಿಸಿಕೊಂಡು ತಿರುಗುವರು. ಭಾವ ಎದ್ದು ಕಕ್ಕಸಿನ ಕಡೆ ಆಸೆಯಿಂದ ನೋಡಿದರೆ "ಹೋಲ್ಡಾನ್! ಸ್ಟಾಪ್ ಬಂದಿಲ್ಲ!"

"ನಿಮಗೆ ಆಗ್ತಿಲ್ವಾ ಸ್ವಾಮಿ?" ಹಲ್ಲು ಕಚ್ಚಿಕೊಂಡು ಕೇಳಿದರು ಭಾವ.

"ನನಗೇನಾಗುತ್ತೆ? ಮೂವತ್ತು ವರ್ಷ ಬಸ್ಸಲ್ಲಿ ನಿಂತು ತಡ್ಕೊಂಡೋನು. ಇದು ನನಗೆ ಒಂದು ಟ್ರಿಪ್ಪೂ ಅಲ್ಲ."

ಭಾವನಿಗಾದರೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ತುಪ್ಪ ಬಾಯಲ್ಲಿರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಮುಂದಿನ ವಾರ ಸಿಕ್ಕಾಗ ಕಂಡಕ್ಟರ್ ಸೋತಿದ್ದರು. ಮಾರನೇ ದಿನ ಉರಿ, ಮೈ ಬೆಚ್ಚಗೆ, ಗಳಿಗೆಗೊಮ್ಮೆ ಓಡಾಟ. ಡಾಕ್ಟರಮ್ಮ ಮೊದಲೇ ಹೇಳಿದ್ದರು: ಸ್ವಲ್ಪ ಉರಿ, ಸ್ವಲ್ಪ ಜ್ವರ ಬಂದರೆ ಒಳಗೆ ಗಲಾಟೆ ನಡೆದಿದೆ ಎಂದರ್ಥ, ಹೆದರಬೇಡಿ, ಜ್ವರ ಏರಿದರೆ ಮಾತ್ರ ಕೂಡಲೇ ಫೋನ್ ಮಾಡಿ. ಭಾವನಿಗೆ ಏನೂ ಆಗಿರಲಿಲ್ಲ. ಬಂದ ಕ್ರಿಮಿಗಳು ಬಂದ ದಾರಿಯಲ್ಲೇ ತಲೆ ತಗ್ಗಿಸಿಕೊಂಡು ಹೋದ ಹಾಗಿತ್ತು.

ಎರಡನೇ ಸಲವೂ ಅಷ್ಟೇ. ಭಾವ ಬೀಗಿಹೋದರು. "ನನ್ನ ಹತ್ರ ಯಾವ ಕ್ರಿಮಿ ಆಟಾನೂ ನಡೆಯಲ್ಲ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಡಾಕ್ಟರಮ್ಮ ಮಾತ್ರ ಹುಬ್ಬು ಗಂಟಿಕ್ಕಿ, "ಬೇರೆ ಮಾತ್ರೆ ಏನೂ ತಗೊಳ್ತಿಲ್ಲ ತಾನೇ?" ಎಂದು ಕೇಳಿದ್ದರು. "ಛೆ ಛೆ," ಅಂದಿದ್ದರು ಭಾವ.

ಮೂರನೇ ವಾರ ಮಂಚಕ್ಕಾಗಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆವು. ಕಂಡಕ್ಟರ್ ತಮ್ಮ ಉರಿಯ ವರ್ಣನೆ ಮಾಡುತ್ತಿದ್ದರು. ಭಾವನಿಗೆ ಕನಿಕರ ಬಂತು. ಕನಿಕರಕ್ಕಿಂತ ಹೆಚ್ಚಾಗಿ, ಗೆದ್ದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಆ ಬಾಯಿಗಿರಲಿಲ್ಲ. ಆ ಕಡೆ ಈ ಕಡೆ ನೋಡಿ, ಜೇಬಿನಿಂದ ಒಂದು ಮಾತ್ರೆ ತೆಗೆದು ಕಂಡಕ್ಟರ ಅಂಗೈಯಲ್ಲಿಟ್ಟರು.

"ಯಾರಿಗೂ ಹೇಳ್ಬೇಡಿ. ಹಿಂದಿನ ದಿನ ಒಂದು, ಬರೋ ದಿನ ಬೆಳಗ್ಗೆ ಒಂದು. ಆಪರೇಷನ್ ಆದಾಗ ನಂಜಾಗದಿರಲಿ ಅಂತ ಕೊಟ್ಟಿದ್ರಲ್ಲ, ಆ ಕ್ರಿಮಿ ಕೊಲ್ಲೋ ಮಾತ್ರೆ. ಮಿಕ್ಕಿದ್ದನ್ನ ಎತ್ತಿಟ್ಟಿದ್ದೆ. ಅವು ಒಳಗೆ ಕಾಲಿಡೋ ಮುಂಚೆನೇ ಒಳಗೆ ಕಾವಲು ರೆಡಿ. ಕಾಲಿಟ್ಟ ಕಡೆನೇ ಢಂ!"

ನಾನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಎದ್ದಾಗಿತ್ತು. ಜೀವಮಾನವಿಡೀ ಯಾರು ಏನು ತೋರಿಸಿದರೂ ತಿರುಗಿಸಿ ಮುರುಗಿಸಿ ನೋಡದೆ ಬಸ್ಸು ಹತ್ತಿಸದವರು ಅವರು. ಮಾತ್ರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೇರ ನರ್ಸಮ್ಮನ ಮೇಜಿಗೆ ಹೋದರು.

"ಸಿಸ್ಟರ್, ಈ ಪಾಸು ಇಲ್ಲಿ ನಡೆಯುತ್ತಾ?"

ಡಾಕ್ಟರಮ್ಮ ಬಂದರು. ಭಾವ ಬೆಂಚಿನ ಮೇಲೆ ಕೂತಲ್ಲೇ ಚಿಕ್ಕವರಾಗುತ್ತ ಹೋದರು.

"ನಾನು ಕೇಳಿದಾಗ ಇಲ್ಲ ಅಂದ್ರಿ."

"ಅದು... ಮಾತ್ರೆ ಅಂತ ಲೆಕ್ಕಕ್ಕೆ ಹಿಡೀಲಿಲ್ಲ ತಾಯಿ. ಶುಚಿತ್ವ ಅಂದ್ಕೊಂಡೆ."

"ಶುಚಿತ್ವ! ಒಂದು ಕೈಯಲ್ಲಿ ನಾನು ಬಿಡೋದು, ಇನ್ನೊಂದು ಕೈಯಲ್ಲಿ ನೀವು ಕೊಲ್ಲೋದು. ಎರಡು ವಾರದ ಕೆಲಸ ನೀರಿನಲ್ಲಿ ಹೋಮ ಮಾಡಿದ ಹಾಗಾಯ್ತು. ಈ ಔಷಧಿ ಕೇಳಿದಾಗೆಲ್ಲ ಸಿಗಲ್ಲ ಯಜಮಾನ್ರೇ, ಸಾಲಿನಲ್ಲಿ ಜನ ಕಾಯ್ತಿದಾರೆ. ನಿಮಗೆ ಬೇಡ ಅನ್ನಿಸಿದ್ರೆ ಹೇಳಿ, ಅವರಿಗೆ ಕೊಡ್ತೀನಿ. ನಿಮಗೆ ಉಳಿಯೋದು ಆಪರೇಷನ್ನು, ಚೀಲ. ಇವತ್ತು ಹಾಕಲ್ಲ. ಯೋಚ್ನೆ ಮಾಡಿ ಮುಂದಿನ ವಾರ ಬನ್ನಿ. ಬಂದ್ರೆ ಮೊದಲಿಂದ ಶುರು."

ಭಾವ ನೇರ ಬಂದು ವ್ಯಾನು ಹತ್ತಿ ಕೂತರು. ಸೀಟಿನ ಮೇಲೆ ಪೇಪರ್ ಹಾಸಲೂ ಮರೆತಿದ್ದರು. ಆಗ ನನಗೆ ನಿಜವಾಗಿ ಭಯವಾಯಿತು.

ಅಂಗಡಿಯ ಬೆನ್ನಿಗೇ ಇರುವ ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ಹೇಳಿದೆ. ಬೈಯುತ್ತಾಳೆ ಎಂದು ನಾವಿಬ್ಬರೂ ಕಾದೆವು. ಅಕ್ಕ ಬೈಯದೇ ಇರುವುದೆಂದರೆ ಗಡಿಯಾರ ನಿಂತ ಹಾಗೆ. ಮನೆಯಲ್ಲಿ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಅವಳು ಅಂಗಿಯೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಯಾಕ್ರೀ ಹೀಗೆ ಮಾಡಿದ್ರಿ?"

"ಹೆದರಿಕೆ ಕಣೇ," ಅಂದರು ಭಾವ. ಅಷ್ಟು ಸಣ್ಣ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. "ಒಂದೇ ಒಂದು ಕ್ರಿಮಿ ಒಳಗೆ ಹೋದ್ರೂ ಕಥೆ ಮುಗೀತು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋನು ನಾನು. ಮಾಲು ಮಾರಕ್ಕೆ ಹೇಳಿದ್ದಲ್ಲ, ನಂಬಿ ಹೇಳಿದ್ದು. ಈಗ ಸೀಸೆಗಟ್ಟಲೆ ಒಳಗೆ ಬಿಡ್ತಾರೆ. ಮಲಗಿದ್ರೆ ಒಳಗೆ ಓಡಾಡಿದ ಹಾಗಾಗುತ್ತೆ. ಏನು ಮಾಡ್ಲಿ?"

ಅಕ್ಕ ಅಂಗಿಯನ್ನು ಪಕ್ಕಕ್ಕಿಟ್ಟಳು.

"ಮದುವೆ ಆದಾಗಿಂದ ನಿಮ್ಮ ಫಿನಾಯಿಲ್ ವಾಸನೆ ಜೊತೆ ಸಂಸಾರ ಮಾಡ್ತಿದೀನಿ. ಒಂದು ಹೂವು ಮುಡಿದ್ರೂ ಅದು ಫಿನಾಯಿಲ್ ಹೂವು. ಬೇಡ ಅಂದಿದೀನಾ? ನನಗೋಸ್ಕರ ನೀವು ಆರು ವಾರ, ಆರೇ ವಾರ, ನಾಲ್ಕು ಕ್ರಿಮಿ ಜೊತೆ ಸಂಸಾರ ಮಾಡಕ್ಕಾಗಲ್ವಾ?"

ಭಾವ ನೆಲ ನೋಡಿದರು. ನೆಲ ಎಂದಿನಂತೆ ಫಳಫಳ ಹೊಳೆಯುತ್ತಿತ್ತು. ಜೇಬಿಗೆ ಕೈಹಾಕಿ ಮಿಕ್ಕ ಮಾತ್ರೆಗಳನ್ನು ತೆಗೆದು ಅವಳ ಮಡಿಲಿಗೆ ಹಾಕಿದರು. ಅಕ್ಕ ಎದ್ದು ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಎಲ್ಲವನ್ನೂ ಹಾಳಾದ ಫಿನಾಯಿಲಿನ ಡ್ರಮ್ಮಿಗೆ ಎಸೆದಳು.

"ಎರಡೂ ಒಂದೇ ಕಸುಬಿನವು. ಜೊತೆಗಿರ್ಲಿ," ಅಂದಳು. ಆಮೇಲೆ ಬೈಯಲು ಶುರು ಮಾಡಿದಳು. ಗಡಿಯಾರ ಮತ್ತೆ ನಡೆಯಿತು.

ವ್ಯಾಪಾರದಲ್ಲಿ ನಾನೊಂದು ಗಮನಿಸಿದ್ದೇನೆ. ಗಿರಾಕಿ ಮೊದಲು ಎಷ್ಟು ಜೋರಾಗಿ ಬೇಡ ಅಂದಿರುತ್ತಾನೋ, ಕೊಂಡ ಮೇಲೆ ಅಷ್ಟೇ ಜೋರಾಗಿ ಆ ಮಾಲನ್ನು ಹೊಗಳುತ್ತಾನೆ. ಭಾವನದ್ದೂ ಅದೇ ಆಯಿತು. ಮುಂದಿನ ವಾರ ಬರೀ ನೀರಿನಲ್ಲಿ ಸ್ನಾನ ಮಾಡಿ ಬಂದರು. ಫಿನಾಯಿಲ್ ವಾಸನೆಗೆ ಅವು ಹೆದರಬಾರದಂತೆ. ನರ್ಸಮ್ಮ ಫ್ರಿಜ್ಜು ತೆಗೆದ ಕೂಡಲೇ, "ಅಷ್ಟು ತಣ್ಣಗಿರೋದ್ರಲ್ಲಿ ಇಟ್ಟಿದೀಯಲ್ಲಮ್ಮ, ಅವಕ್ಕೆ ಚಳಿ ಆಗಲ್ವಾ?" ಎಂದರು. ಹೊಸ ಸುತ್ತಿನ ಮೂರನೆಯ ಸಲದಿಂದ ಮನೆಗೆ ಹೋಗಿ ಮಲಗಬಹುದೆಂದು ಬಿಟ್ಟರು. ದಾರಿಯಲ್ಲಿ ವ್ಯಾನು ಒಂದು ಗುಂಡಿಗೆ ಇಳಿಯಿತು.

"ನಿಧಾನ ಓಡ್ಸೋ! ಒಳಗೆ ಹುಡುಗರಿದಾರೆ!"

"ಯಾವ ಹುಡುಗರು ಭಾವ?"

"ನಮ್ಮೋರು." ಹೊಟ್ಟೆಯ ಕೆಳಗೆ ಕೈಯಿಟ್ಟುಕೊಂಡು ಕಿಟಕಿಯ ಆಚೆ ನೋಡಿದರು, ಬಸುರಿಯ ಗಾಂಭೀರ್ಯದಲ್ಲಿ.

ಮನೆಯಲ್ಲಿ ಮಂಚದ ಪಕ್ಕ ಅಕ್ಕ ಕೂತು ಮಗ್ಗುಲು ಬದಲಿಸುವ ಹೊತ್ತನ್ನು ಹೇಳುತ್ತಿದ್ದಳು. ಭಾವ ಪ್ರತಿ ಸಲವೂ ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸದ ಹಾಗೆ ಹೊರಳುತ್ತಿದ್ದರು. ಮಾರನೇ ದಿನ ಉರಿ ಶುರುವಾಯಿತು, ಸಂಜೆಗೆ ಮೈ ಸ್ವಲ್ಪ ಬೆಚ್ಚಗಾಯಿತು. ಬೇರೆಯವರು ನರಳುತ್ತಿದ್ದರು. ಭಾವ ಕಂಡಕ್ಟರಿಗೆ ಫೋನು ಮಾಡಿದರು.

"ಬಂತು ಕಣ್ರೀ! ಉರಿ ಬಂತು! ಆಹಾ, ಏನು ಉರಿ ಅಂತೀರಾ, ಕಣ್ಣಲ್ಲಿ ನೀರು ಬರ್ತಿದೆ!"

"ಕಂಗ್ರಾಜುಲೇಷನ್ಸ್," ಅಂದರಂತೆ ಕಂಡಕ್ಟರ್.

ಕಷ್ಟವಾದದ್ದು ಒಂದೇ. ಎರಡು ಗಂಟೆ ಕಳೆದು ಉಚ್ಚೆ ಹೊಯ್ದ ಮೇಲೆ, ಹೊರಬಂದ ಕ್ರಿಮಿ ಬೇರೆಯವರಿಗೆ ತಾಗದಿರಲೆಂದು ಕಕ್ಕಸಿಗೆ ಬ್ಲೀಚಿಂಗ್ ಸುರಿದು, ಸ್ವಲ್ಪ ಹೊತ್ತು ಬಿಟ್ಟು ನೀರು ಹಾಕಬೇಕು. ಆಸ್ಪತ್ರೆಯವರ ಅಪ್ಪಣೆ. ಬ್ಲೀಚಿಂಗ್ ಸುರಿಯುವುದಕ್ಕೆಂದೇ ಹುಟ್ಟಿದ ಮನುಷ್ಯ ನಮ್ಮ ಭಾವ. ಆವತ್ತು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಕ್ಕ ಬಾಗಿಲು ಬಡಿದಳು.

"ರೀ, ಏನಾಯ್ತು? ಬ್ಲೀಚಿಂಗ್ ಖಾಲಿಯಾ? ನಮ್ಮನೇಲಿ?"

"ಖಾಲಿ ಅಲ್ಲ ಕಣೇ." ಬಾಗಿಲು ತೆರೆಯಿತು. ಭಾವ ಕ್ಯಾನು ಹಿಡಿದುಕೊಂಡು ನಿಂತಿದ್ದರು, ಮುಚ್ಚಳ ಕೂಡ ತೆಗೆದಿರಲಿಲ್ಲ. "ಇದು ನ್ಯಾಯಾನಾ ನೀನೇ ಹೇಳು. ನನಗೋಸ್ಕರ ಒಳಗೆ ಹೋಗಿ ಹೊಡೆದಾಡಿ ಬಂದಿದಾರೆ. ಕೆಲಸ ಮುಗಿಸಿ ಬಂದೋರ ತಲೆ ಮೇಲೆ ಹೀಗೆ..."

"ಕೊಡಿ ಇಲ್ಲಿ."

"ನಿಧಾನ ಸುರಿಯೇ."

ಅಕ್ಕ ಸುರಿದಳು. ಭಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮುಂದಿನ ಪ್ರತಿ ಸಲವೂ ಸುರಿದವಳು ಅಕ್ಕನೇ. ಮನೆಯಿಡೀ ಕ್ರಿಮಿಗಳ ಸರ್ವನಾಶ ಮಾಡಿದವರಿಗೆ ತಮ್ಮ ಸ್ವಂತದ್ದನ್ನು ನಾಶ ಮಾಡುವ ಧೈರ್ಯ ಕೊನೆಯವರೆಗೂ ಬರಲಿಲ್ಲ.

ಚಿಕಿತ್ಸೆ ಮುಗಿದು ಕೆಲವು ವಾರಗಳ ಮೇಲೆ ಮತ್ತೆ ಕ್ಯಾಮೆರಾ ಬಿಟ್ಟು ನೋಡುವ ದಿನ ಬಂತು. ಅಕ್ಕ ಬೆಳಗ್ಗಿನಿಂದ ಯಾರನ್ನೂ ಬೈದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ನಾವು ಮೂವರು: ಅಕ್ಕ, ನಾನು, ಕರೆಯದೆ ಬಂದ ಕಂಡಕ್ಟರ್. ಗಿರಾಕಿ ಕೊಳ್ಳುತ್ತಾನೋ ಬಿಡುತ್ತಾನೋ ಎಂದು ಮುಖ ನೋಡಿ ಹೇಳಬಲ್ಲೆ ನಾನು. ಬಾಗಿಲು ತೆರೆದು ಬಂದ ಡಾಕ್ಟರಮ್ಮನ ಮುಖದಿಂದ ಒಂದಕ್ಷರ ಓದಲಾಗಲಿಲ್ಲ.

"ಒಳಗೆ ಚೊಕ್ಕಟವಾಗಿದೆ," ಅಂದರು. "ಆದ್ರೆ ಕೆಲವು ತಿಂಗಳಿಗೊಮ್ಮೆ ನೋಡ್ತಾನೇ ಇರಬೇಕು. ಮಧ್ಯೆ ಮಧ್ಯೆ ಇನ್ನೂ ಕೆಲವು ಸಲ ಹಾಕ್ಬೇಕು. ಮೈಮರೆಯೋ ಹಾಗಿಲ್ಲ."

ಭಾವ ಹಿಂದೆಯೇ ಬಂದರು, ಪಂಚೆ ಸರಿಮಾಡಿಕೊಳ್ಳುತ್ತ. "ಕೇಳಿಸ್ತೇನೋ? ಏನಂದ್ರು ಹೇಳು?"

"ಚೊಕ್ಕಟ ಅಂದ್ರು ಭಾವ."

"ಇನ್ನೊಂದು ಸಲ ಹೇಳು."

ಜೀವಮಾನವಿಡೀ ಆ ಮಾತನ್ನು ಬಾಟಲಿಯಲ್ಲಿ ತುಂಬಿ ಮಾರಿದವರು. ಅವರಿಗೆ ಅದನ್ನು ಬೇರೆ ಯಾರಾದರೂ ಹೇಳಿದ್ದು ಅದೇ ಮೊದಲಿರಬೇಕು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡಿದೀರಿ, ಮನುಷ್ಯರ ಥರ ಬರಕ್ಕಾಗಲ್ವಾ?" ಎಂದಳು. ಆಸ್ಪತ್ರೆಯ ಓಣಿಯುದ್ದಕ್ಕೂ ಬೈದುಕೊಂಡೇ ಕರೆದುಕೊಂಡು ಹೋದಳು.

ಕಂಡಕ್ಟರಿಗೆ ಇನ್ನೊಂದು ಸುತ್ತು ಬೇಕಾಯಿತು. ಭಾವ ಪ್ರತಿ ಸಲವೂ ಹೋಗಿ ಅವರ ಮಂಚದ ಪಕ್ಕ ಕೂತು "ಬಲಕ್ಕೆ ತಿರುಗಿ, ರೈಟ್" ಕೂಗುತ್ತಾರೆ. ಕೂಗುವ ಶೈಲಿ ಸಾಲದೆಂದು ಕಂಡಕ್ಟರ್ ಮಲಗಿದಲ್ಲಿಂದಲೇ ತಿದ್ದುತ್ತಾರಂತೆ.

ಅಂಗಡಿಯಲ್ಲೂ ಒಂದು ಬದಲಾವಣೆ ಆಗಿದೆ. ಬಾಟಲಿಯ ಚೀಟಿ ಬೇರೆ ಅಚ್ಚಾಗಿ ಬಂದಿದೆ: "ಬೇಡದ ಕ್ರಿಮಿಗಳ ಸರ್ವನಾಶ." ಬೇಕಾದವು ಯಾವುವು ಎಂದು ಗಿರಾಕಿ ಕೇಳಿದರೆ ಮುಗಿಯಿತು, ಭಾವ ಸ್ಟೂಲು ಎಳೆದುಕೊಂಡು ಕೂರುತ್ತಾರೆ, ಕಕ್ಕಸಿನ ಕೆಂಪು ಗೆರೆಯಿಂದ ಶುರು ಮಾಡುತ್ತಾರೆ, ಕೊನೆಗೆ "ಕೆಂಪು ಕಂಡ್ರೆ ಬಣ್ಣದೋನ ಹತ್ರ ಹೋಗ್ಬೇಡಿ, ಡಾಕ್ಟ್ರ ಹತ್ರ ಹೋಗಿ" ಎಂದು ಕೈಮುಗಿದು ಕಳಿಸುತ್ತಾರೆ.

ಮೊನ್ನೆ ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ಮಾತಾಡುತ್ತ ಮಾತಾಡುತ್ತ ಆ ಹಳ್ಳ ಬಿದ್ದ ಸೋಫಾದ ಮೇಲೆ ಕೂತೇಬಿಟ್ಟರು. ಪೇಪರ್ ಇಲ್ಲ, ಟವೆಲ್ ಇಲ್ಲ. ನಾನು ಉಸಿರು ಬಿಗಿಹಿಡಿದು ನೋಡಿದೆ. ಒಂದು ಕೈಯಿಂದ ಸೋಫಾದ ತೋಳನ್ನು ಮೆಲ್ಲಗೆ ತಟ್ಟಿದರು.

"ಕೂತಿರ್ಲಿ ಬಿಡು ಪಾಪ, ಅವೂ," ಅಂದರು. "ನಾನೂ ಒಂದು ಕಡೆ ಕೂರ್ತೀನಿ."

ಇಂಥ ಗಳಿಗೆಯನ್ನು ಬಿಡುವವನು ವ್ಯಾಪಾರಿಯಲ್ಲ. ಈ ಸೋಫಾ ನಿಮಗೇ ಹೇಳಿ ಮಾಡಿಸಿದ ಹಾಗಿದೆ, ಮನೆಗೆ ಕಳಿಸಲೇ ಭಾವ, ಎಂದು ಕೇಳಿದೆ. ಗೋಡೆಯ ಆಚೆಯಿಂದ ಅಕ್ಕನ ದನಿ ಬಂತು: "ಆ ಗುಜರಿ ನನ್ನ ಮನೆ ಒಳಗೆ ಬಂದ್ರೆ ನೀವಿಬ್ಬರೂ ಹೊರಗೆ!" ಭಾವ ನಕ್ಕರು. ನಗುತ್ತ ನಗುತ್ತ ಅಲ್ಲೇ ನಿದ್ದೆಹೋದರು.

ಮಲಗಿದ ಮಾಲನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದೆ. ಬೆಲೆ ಕಟ್ಟಲು ನನಗೆ ಬರಲಿಲ್ಲ. ಹುಟ್ಟಿದಾಗಿನಿಂದ ಹೆದರುತ್ತಿದ್ದುದನ್ನು, ಅಕ್ಕ ಕೇಳಿದಳೆಂಬ ಒಂದೇ ಕಾರಣಕ್ಕೆ, ಈ ಮನುಷ್ಯ ಒಳಗೆ ಬಿಟ್ಟುಕೊಂಡರು. ಅದರಿಂದಾಗಿ ನನ್ನ ಅಕ್ಕನಿಗೆ ಬೆಳಗ್ಗೆ ಎದ್ದರೆ ಬೈಯಲು ಗಂಡ ಇದ್ದಾನೆ. ಅದಕ್ಕೆ ನಾನು ಭಾವನಿಗೆ ಋಣಿ.